ಅಡುಗೆಮನೆಯವರೆಗೆ ಬಂದ ಕುಕ್ಕೆ

ಸಭೆಯಕ್ಕ ಗದ್ದೆಯಂಚಿನ ಹುಣಿ ದಾಟಿ ನಮ್ಮ ಕೇರಿಗೆ ಹತ್ತುವಾಗ ಅವರ ಮೀನಖಂಡದಲ್ಲಿ ಒಂದು ಜಿಗಣೆಯಾದರೂ ಕಚ್ಚಿಕೊಂಡಿರುತ್ತಿತ್ತು. ಮಾತು ನಿಲ್ಲಿಸದೆ, ಇನ್ನೊಂದು ಕಾಲಿನ ಹಿಮ್ಮಡಿಯಿಂದ ಅದನ್ನು ಉಜ್ಜಿ ಬೀಳಿಸುತ್ತಿದ್ದರು. ರಕ್ತ ಇಳಿದು ಪಾದಕ್ಕೆ ಬಂದರೂ ತಲೆಯ ಮೇಲಿನ ಬೆತ್ತದ ಕುಕ್ಕೆ ಅಲುಗುತ್ತಿರಲಿಲ್ಲ.

ಕುಂಬಳೆಯಿಂದ ಒಳಗಿದ್ದ ನಮ್ಮ ಕ್ರೈಸ್ತ ಸಭೆಯ ಸಣ್ಣ ದೇವಾಲಯದ ಸೇವಕಿ ಅವರು. ಚಿಕ್ಕ ಪ್ರಾಯದಲ್ಲೇ ಗಂಡ ತೀರಿಕೊಂಡಿದ್ದರು. ಅದು ಯುದ್ಧದ ಕಾಲ. ಬರ್ಮಾದ ಅಕ್ಕಿ ನಿಂತುಹೋಗಿತ್ತು. ಅನ್ನಕ್ಕೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಶನಿವಾರ ಸಭೆಗೆ ಕೊಡುವುದು ನಮ್ಮವರಲ್ಲಿ ಮೊದಲಿನಿಂದಲೂ ಇದ್ದ ಪದ್ಧತಿ. ಆದರೆ ಅದನ್ನು ನಡೆಸುವ ಸಭೆಯಕ್ಕನ ಕ್ರಮವೇ ಬೇರೆ. ಜಗಲಿಯಲ್ಲಿ ಅಕ್ಕಿ ಮುಟ್ಟುತ್ತಿರಲಿಲ್ಲ. ಬಟ್ಟೆ ಮುಚ್ಚಿದ ಕುಕ್ಕೆಯನ್ನು ಮನೆಯಾಕೆಯ ಕೈಗೆ ಕೊಟ್ಟು, ತಾವು ಬಾಗಿಲಿಗೆ ಬೆನ್ನು ಹಾಕಿ ಕೂತು ಕೀರ್ತನೆ ಹಾಡುತ್ತಿದ್ದರು. ಕುಕ್ಕೆ ಅಡುಗೆಮನೆಗೆ ಹೋಗುತ್ತಿತ್ತು.

“ಎಲ್ಲರೂ ಒಂದು ಹಿಡಿ ಹಾಕಿ, ಬೇಕಾದವರು ಬೇಕಾದಷ್ಟು ತೆಗೆಯಿರಿ. ಬಟ್ಟೆಯ ಅಡಿಯಲ್ಲಿ ಎಂತ ಆಯ್ತು ಅಂತ ದೇವರಿಗೆ ಗೊತ್ತಿದ್ರೆ ಸಾಕು,” ಎನ್ನುತ್ತಿದ್ದರು. ಸಭೆಗೆ ಸೇರದವರ ಮನೆಗೂ ಆ ಕುಕ್ಕೆ ಹೋಗುತ್ತಿತ್ತು.

ಒಂದು ಮಳೆಗಾಲ ನನ್ನ ಯಜಮಾನರು ಜ್ವರದಲ್ಲಿ ಮಲಗಿದರು. ಹಂಚಿನ ಕಾರ್ಖಾನೆಯ ಕೂಲಿ ನಿಂತಿತು. ಅಕ್ಕಿಯ ಮಡಕೆಯ ತಳ ಕಂಡದ್ದು ನನಗೊಬ್ಬಳಿಗೇ ಗೊತ್ತು. ಅತ್ತೆಗೆ ಹೇಳುವ ಧೈರ್ಯ ಇರಲಿಲ್ಲ. ನಮ್ಮ ಮನೆಯವರು ಯಾರ ಅಂಗಳದಲ್ಲೂ ಕೈ ಚಾಚಿದವರಲ್ಲ ಎಂಬುದು ಅವರ ದೊಡ್ಡ ಹೆಮ್ಮೆ.

ಆ ಶನಿವಾರ ನಾನು ಹಿಂಬಾಗಿಲಿನಲ್ಲೇ ಸಭೆಯಕ್ಕನನ್ನು ತಡೆದೆ. “ಇವತ್ತು ನಮ್ಮಲ್ಲಿಗೆ ಬೇಡ ಅಕ್ಕಾ.”

“ನಿನ್ನ ಮನೆ ಬಿಟ್ಟು ಹೋದ್ರೆ ಕೇರಿಗೆಲ್ಲ ಗೊತ್ತಾಗ್ತದೆ ಮಾರಾಯ್ತಿ. ಕುಕ್ಕೆ ಹಿಡಿ. ಒಂದು ಹಿಡಿ ಹಾಕು.”

“ಇರುವುದೇ ಎರಡು ಹಿಡಿ.”

“ಹಾಗಾದ್ರೆ ಒಂದು ಹಾಕ್ಲಿಕ್ಕೆ ಉಂಟಲ್ಲ!”

ನನಗೆ ಸಿಟ್ಟು ಬಂತು. ಇವರೆಂಥ ಹೆಂಗಸು ಅಂದುಕೊಂಡೇ ಒಂದು ಹಿಡಿ ಹಾಕಿದೆ. ಆಮೇಲೆ, ಕಣ್ಣೀರು ಒರಸಿಕೊಳ್ಳುತ್ತಾ, ಎರಡು ಸೇರು ತೆಗೆದೆ. ಸಭೆಯಕ್ಕ ಅಷ್ಟರಲ್ಲಿ ಜಗಲಿಗೆ ಬಂದು ಕೂತಿದ್ದರು. ಕುಕ್ಕೆ ಹೊರಗೆ ತಂದಾಗ ಅಲ್ಲಿದ್ದ ಅತ್ತೆ, “ನಮ್ಮಲ್ಲಿಂದ ಹಾಕದೆ ಕಳಿಸಿದ್ದುಂಟಾ?” ಎಂದರು.

“ಇಲ್ಲಮ್ಮ, ಒಂದು ಶನಿವಾರವೂ ಇಲ್ಲ,” ಎಂದು ಸಭೆಯಕ್ಕ ಕುಕ್ಕೆ ಹೊತ್ತು ನಡೆದರು.

ಮೂರು ವಾರ ಹಾಗೆಯೇ ನಡೆಯಿತು. ಆಮೇಲೊಂದು ಆದಿತ್ಯವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಪುಸ್ತಕ, ಪೆನ್ನು ಹಿಡಿದು ನಿಂತರು. “ಸಭೆಯ ಅಕ್ಕಿ ಯಾರ ಹೊಟ್ಟೆಗೆ ಹೋಗ್ತಾ ಉಂಟು ಅಂತ ತಿಳಿಯಬೇಕು. ತೆಗೆದವರ ಹೆಸರು ಹೇಳಿ ಅಕ್ಕಾ, ಬರೆಯುವ.”

ನನ್ನ ಪಕ್ಕದಲ್ಲೇ ಕೂತಿದ್ದ ಅತ್ತೆ, “ಬರೀಲಿ. ಮರ್ಯಾದೆ ಬಿಟ್ಟವರು ಯಾರಂತ ಗೊತ್ತಾಗ್ಲಿ,” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಸಭೆಯಕ್ಕ ಚಾಪೆಯಿಂದ ಎದ್ದರು. “ಬರ್ಕೊಳ್ಳಿ. ಮೊದಲು ನನ್ನ ಹೆಸರು.”

“ತಮಾಷೆ ಬೇಡ ಅಕ್ಕಾ.”

“ತಮಾಷೆ ಅಲ್ಲ. ಮೂರು ಶನಿವಾರ ನಾನೂ ತೆಗೆದಿದ್ದೇನೆ. ಬೇರೆ ಹೆಸರು ನಾನು ಹೇಗೆ ಹೇಳ್ಲಿ? ನಾನು ಬೆನ್ನು ಹಾಕಿ ಕೂರುವವಳು.”

ಅಷ್ಟರಲ್ಲಿ ಆ ಹಿರಿಯರ ಹೆಂಡತಿಯೇ ಎದ್ದು ನಿಂತರು. “ನನ್ನದೂ ಬರೀರಿ.”

“ಎಂತ! ನಿನ್ನದಾ?”

“ಹೌದು. ಹೇಳದೆ ಕೇಳದೆ ಮೂರು ಜನ ನೆಂಟರನ್ನು ಊಟಕ್ಕೆ ಕರ್ಕೊಂಡು ಬಂದ್ರಲ್ಲ, ಅಕ್ಕಿ ಎಲ್ಲಿಂದ ಅಂತ ಕೇಳಿದ್ರಾ ನೀವು?”

ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ಹಿರಿಯರೂ ನಕ್ಕುಬಿಟ್ಟರು, ಪೆನ್ನು ಕಿಸೆಗೆ ಹೋಯಿತು. ಅತ್ತೆ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ತಮ್ಮ ಶಾಲಿನ ಒಂದು ತುದಿಯನ್ನು ನನ್ನ ಹೆಗಲಿಗೆ ಹೊದಿಸಿದರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ.

ಹೊರಗೆ ಬಂದು ನಾನು ಸಭೆಯಕ್ಕನ ಕೈ ಹಿಡಿದೆ. “ನನ್ನನ್ನು ಉಳಿಸ್ಲಿಕ್ಕೆ ಸುಳ್ಳು ಹೇಳಿದ್ರಾ ಅಕ್ಕಾ?”

“ದೇವಾಲಯದಲ್ಲಿ ಸುಳ್ಳು ಹೇಳ್ತಾರಾ? ನಿನ್ನ ಮನೆ ಆದ ಮೇಲೆ ಇರುವುದು ನನ್ನದೇ ಮನೆ. ನನಗೂ ಹೊಟ್ಟೆ ಉಂಟಲ್ಲ ಮಾರಾಯ್ತಿ.”

ಊರಿಗೆಲ್ಲ ಅಕ್ಕಿ ಹೊತ್ತವರು ಹಸಿದಿರಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕುಕ್ಕೆಯ ಮೊದಲ ಮನೆಯೂ ಅವರದಾಗಬಹುದಿತ್ತು, ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಸಿಟ್ಟಿನಲ್ಲಿ ಹಾಕಿದ ನನ್ನ ಹಿಡಿ ಅಕ್ಕಿಯೂ ಅವರ ಗಂಜಿಗೆ ಬಿದ್ದಿರಬೇಕು. ಅಂಥವರೊಡನೆ ಒಂದೇ ಚಾಪೆಯಲ್ಲಿ ಕೂತಿದ್ದೆನಲ್ಲ ಎಂದು ಇಂದಿಗೂ ಮೈ ಜುಮ್ಮೆನ್ನುತ್ತದೆ.

ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ, ಒಂದು ಆಟಿ ತಿಂಗಳ ಮಳೆಯಲ್ಲಿ, ಅವರು ಹೆಚ್ಚು ನರಳದೆ ತೀರಿಕೊಂಡರು. ಮಣ್ಣಿಗೆ ಇಳಿಸುವಾಗ ಸಭೆಯವರಿಗಿಂತ ಹೊರಗಿನವರೇ ಹೆಚ್ಚು ಇದ್ದರು. ಬ್ಯಾರಿ ಮುಸ್ಲಿಮರ ಹೆಂಗಸರು ತಲೆಗೆ ಸೆರಗು ಎಳೆದುಕೊಂಡು ಬೇಲಿಯ ಆಚೆ ನಿಂತು ಅಳುತ್ತಿದ್ದರು.

ದಿನಾ ಮಲಗುವ ಮೊದಲು ದೇವರು ಮಾಡಿದ ಉಪಕಾರಗಳನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ನನ್ನ ಯಜಮಾನರು ಆ ಜ್ವರದಿಂದ ಎದ್ದರು, ಅದೊಂದು. ಏನೂ ಇಲ್ಲದ ದಿನ ಒಬ್ಬರು ನನ್ನ ಬಾಗಿಲಿಗೆ ಬಂದು, ಒಂದು ಹಿಡಿ ಹಾಕು ಎಂದು ಕೇಳಿದರು, ಅದು ಇನ್ನೊಂದು. ಯಾವುದು ದೊಡ್ಡದೆಂದು ನನಗೆ ಈಗಲೂ ಹೇಳಲಿಕ್ಕಾಗುವುದಿಲ್ಲ.