ನೆರಿಡಾಳ ಬಟನ್, ಕ್ಲೆಮ್‌ನ ನಲ್ಲಿ

ಆಸ್ಟ್ರೇಲಿಯಾದ ಲಾನ್ಸೆಸ್ಟನ್ನಿನ ನಮ್ಮ ಬೀದಿಯಲ್ಲಿ ನೆರಿಡಾ ಕ್ವಿಲ್ಟಿಯನ್ನು ಅರಿಯದವರಿಲ್ಲ. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವುದು ಅವಳ ಕೆಲಸ. ಅವಳು ಕೈಯೆತ್ತಿದರೆ ಮರದ ದಿಮ್ಮಿ ಹೊತ್ತ ಲಾರಿಯೂ ನಿಲ್ಲುತ್ತದೆ. ಮನೆಯೊಳಗೆ ಮಾತ್ರ ಅವಳ ಆಟ ನಡೆಯುತ್ತಿರಲಿಲ್ಲ. ರಿಯಾಯಿತಿ ಕಂಡಲ್ಲೆಲ್ಲ ಕೊಂಡು ತಂದ ಸ್ಮಾರ್ಟ್ ಸಾಮಾನುಗಳಲ್ಲಿ ಬಲ್ಬಿನದು ಒಂದು ನಿಸ್ತಂತು ಭಾಷೆ, ಬಾಗಿಲ ಬೀಗದ್ದು ಇನ್ನೊಂದು, ಕಿಟಕಿ ಪರದೆಯದು ಮತ್ತೊಂದು. ಒಂದೊಂದಕ್ಕೂ ಅದನ್ನು ಫೋನಿಗೆ ಬೆಸೆಯುವ ಒಂದೊಂದು ಡಬ್ಬಿ, ಒಂದೊಂದು ಆ್ಯಪ್. ಫೋನು, ಕನ್ನಡಕ ಎರಡನ್ನೂ ಹುಡುಕುವಷ್ಟರಲ್ಲಿ ಎದ್ದು ಹೋಗಿ ಕೈಯಲ್ಲೇ ಪರದೆ ಎಳೆದು ಬರಬಹುದಿತ್ತು.

ಪಕ್ಕದ ಮನೆಯವನು ಕ್ಲೆಮ್ ವಾಂಡರ್‌ಸ್ಲೂಯಿಸ್, ಅಂಗಡಿ ಮುಚ್ಚಿ ಆರಾಮಾಗಿದ್ದ ಕಟುಕ. ನೆರಿಡಾ ಊರಲ್ಲಿಲ್ಲದಾಗ ಅವಳ ಹಸಿರು ಬೇಲಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿಬಿಟ್ಟಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಜನವರಿಯ ನಡುಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ ನೆರಿಡಾ ಹೊಸದೊಂದು ಬಟನ್ ತಂದಳು. ತೋಟದಲ್ಲಿ ಕೂತೇ ಅದನ್ನು ಒತ್ತಿ ಅಡುಗೆಮನೆಯ ಕೆಟಲ್ ಹಚ್ಚುವುದು ಅವಳ ಆಸೆ. ತೋಟದಲ್ಲಿ ಕೂತು, ತನ್ನ ಡಬ್ಬಿಗೆ ಜೋಡಿಸಲು ಬಟನ್ ಒತ್ತಿ ಹಿಡಿದಳು. ಪುಟ್ಟ ದೀಪ ಮಿಣುಕಿ, ಎಲ್ಲಿಗೋ ಸೇರಿಕೊಂಡೆ ಎಂಬಂತೆ ನಿಂತಿತು. ಒತ್ತಿದಳು. ಕಿಟಕಿಯಲ್ಲಿ ಇಣುಕಿದರೆ ಕೆಟಲ್ ತಣ್ಣಗೇ ಕೂತಿತ್ತು. ಮತ್ತೆ ಒತ್ತಿದಳು, ಸಿಟ್ಟಿನಿಂದ ಇನ್ನೊಮ್ಮೆ.

ಬೇಲಿಯಾಚೆ ಚುಯ್ಯೆಂದಿತು.

"ಅಯ್ಯೋ! ನನ್ನ ಸಾಸೇಜು!"

ಕ್ಲೆಮ್ ತೊಯ್ದು ನಿಂತಿದ್ದ. ಟೊಮ್ಯಾಟೊ ಗಿಡಗಳಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಅವನ ಬಾರ್ಬೆಕ್ಯೂ ಒಲೆಯ ಮೇಲೂ ಧಾರಾಳವಾಗಿ ಸುರಿಯುತ್ತಿತ್ತು. ನೆರಿಡಾ ಗಾಬರಿಯಾಗಿ ಒತ್ತಿದಳು, ನೀರು ನಿಂತಿತು. ಅನುಮಾನ ಬಂದು ಮತ್ತೆ ಒತ್ತಿದಳು, ಮತ್ತೆ ಸುರಿಯಿತು.

"ನೀನೇನಾ ಮಾಡ್ತಿರೋದು? ಬೇಲಿ ಸೇಡು ಹಿಂಗೆ ತೀರಿಸ್ಕೋತೀಯಾ?"

"ಸೇಡು ತೀರಿಸ್ಕೊಳ್ಳೋಳಾಗಿದ್ರೆ ಚಳಿಗಾಲದಲ್ಲಿ ಬಿಡ್ತಿದ್ದೆ ನೀರು! ಮೊದ್ಲು ಹೇಳು, ಇವತ್ತು ನೀನೂ ಏನಾದ್ರೂ ಜೋಡಿಸ್ತಿದ್ಯಾ?"

"ಹೂಂ, ಸ್ಪ್ರಿಂಕ್ಲರ್‌ಗೆ ಅಂತ ಮಗಳು ಕಳ್ಸಿರೋ ಸ್ಮಾರ್ಟ್ ನಲ್ಲಿ, ಅದ್ರ ಡಬ್ಬಿ. 'ಬಟನ್ ಒಂದು ಸಿಕ್ಕಿದೆ, ನಲ್ಲಿಗೆ ಸೇರಿಸ್ಲಾ' ಅಂತ ಫೋನು ಕೇಳ್ತು. ನಲ್ಲಿ ಜೊತೇಲೇ ಬಂದಿರ್ಬೇಕು ಅಂತ ಹೂಂ ಅಂದೆ."

"ಎರಡರದೂ ಒಂದೇ ಭಾಷೆ ಕಣೋ ಮಾರಾಯ, ಜಿಗ್‌ಬೀ! ನಿನ್ನ ಡಬ್ಬಿ ಬಾಗಿಲು ತೆಕ್ಕೊಂಡು ಕೂತಿತ್ತು, ನನ್ನ ಬಟನ್ ಒಳಗೆ ನುಗ್ತು. ಸಿಕ್ಕವರನ್ನೆಲ್ಲ ಮನೆಯೊಳಗೆ ಕರ್ಕೋತೀಯಾ?"

"ನಿನ್ನ ಬಟನ್‌ಗೆ ನಿನ್ನ ಮನೆ ಹಿಡಿಸ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ?"

ನೆರಿಡಾಗೆ ನಗು ತಡೆಯಲಾಗಲಿಲ್ಲ. ಬೇಲಿ ಮೊಣಕಾಲೆತ್ತರವಿದ್ದುದರಿಂದ ದಾಟುವುದೂ ಕಷ್ಟವಾಗಲಿಲ್ಲ. ಹೊಸ ಸಾಸೇಜು ಬೇಯುವಷ್ಟರಲ್ಲಿ ಕ್ಲೆಮ್‌ನ ಫೋನಿನಿಂದ ಬಟನ್ ಅಳಿಸಿದಳು.

"ಈಗ ಕಂಪನಿಗಳೆಲ್ಲ ಸೇರಿ ಒಂದೇ ಭಾಷೆ ಮಾಡ್ಕೊಂಡಿದಾರಂತೆ, ಮ್ಯಾಟರ್ ಅಂತ," ಎಂದಳು.

"ಮತ್ತೆ ನಿನ್ನ ಮನೇಲಿ ಅಷ್ಟೊಂದು ಡಬ್ಬಿ?"

"ಹಳೇವಕ್ಕೆ ಹೊಸ ಭಾಷೆ ಬರ್ಬೇಕಲ್ಲ! ನಿನ್ನ ಹಾಗೆ ಹಟ."

"ಬೇಲಿ ವಿಷಯಕ್ಕೆ ಸಾರಿ ಕಣೆ," ಎಂದ ಕ್ಲೆಮ್, ಇಕ್ಕಳ ಹಿಡಿದುಕೊಂಡೇ. ಅವಳು ತಟ್ಟೆ ಮುಂದೆ ಚಾಚಿದಳು.

ಈಗ ಬೀದಿಯಲ್ಲಿ ಯಾರ ದೀಪ ಮುನಿಸಿಕೊಂಡರೂ ಇಬ್ಬರೂ ಜೋಡಿಯಾಗಿ ಬರುತ್ತಾರೆ. ಕೆಲಸ ನೆರಿಡಾಳದು, ಭಾಷಣ ಕ್ಲೆಮ್‌ನದು. ಮೊನ್ನೆ ನಮ್ಮ ಮನೆಗೂ ಬಂದಿದ್ದರು. ಅವಳು ಏಣಿಯ ಮೇಲೆ, ಅವನು ನಮ್ಮ ಬಿಸ್ಕತ್ತಿನ ಡಬ್ಬಿಯ ಮುಂದೆ. "ಇದೆಲ್ಲ ತುಂಬಾ ಸೂಕ್ಷ್ಮ ನೋಡಿ," ಎಂದು ನನಗೆ ಬುದ್ಧಿ ಹೇಳಿದ. ಮೇಲಿನಿಂದ ಅವಳು, "ಮೊದ್ಲು ಏಣಿ ಹಿಡ್ಕೊಳೋ!" ಎಂದಳು.