ಎತ್ತಿ ತೋರಿಸಿದವರು

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ, ಎರಡು ಹೋಳಾಗಿ ಬೆಳೆದಿತ್ತು. ವಿಮಾನ ಎಳೆಯುವ ಕಬ್ಬಿಣದ ದಂಡದ ತುದಿಯಲ್ಲಿ ಇಕ್ಕಳದಂಥ ಕವಲು ಇರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆರಳು ಅದರೊಳಗೆ ಸಿಕ್ಕಿತ್ತಂತೆ. ಯಾರಾದರೂ ಕೇಳಿದರೆ, "ವಿಮಾನ ಕಡದೈತ್ರಿ. ನಾಯಿ ಕಡದ್ರ ಸೂಜಿ ಐತಿ, ಇದಕ್ಕೇನ ಐತಿ ಹೇಳ್ರಿ" ಎನ್ನುತ್ತಿದ್ದರು. ನಗುತ್ತಿರಲಿಲ್ಲ.

ಜಮಖಂಡಿಯಿಂದ ಸಾವಳಗಿಗೆ ಹೋಗುವ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ ಖಾಸಗಿಯವರದೊಂದು ಸಣ್ಣ ಓಡುದಾರಿ ಇತ್ತು. ವಿಮಾನ ಹಾರಿಸಲು ಕಲಿಸುವ ಶಾಲೆಯವರು ಅದನ್ನು ಬಾಡಿಗೆಗೆ ಹಿಡಿದು, ನಾಲ್ಕು ಸೀಟಿನ ಎರಡು ವಿಮಾನ ಇಟ್ಟುಕೊಂಡಿದ್ದರು. ಯಾವ ವಿಮಾನ ಎಷ್ಟು ಹೊತ್ತಿಗೆ ಏರಿತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಬರೆದಿಡುವುದು ನನ್ನ ಕೆಲಸ. ಬೆಳಿಗ್ಗೆ ವಿಮಾನಗಳನ್ನು ತಗಡಿನ ಶೆಡ್ಡಿನಿಂದ ಹೊರಗೆ ಎಳೆಯುವುದು, ಸಂಜೆ ಒಳಗೆ ದೂಡುವುದು ಕಾಕಾರ ಕೆಲಸ. ಅವರದು ಸಾವಳಗಿಯ ಕುರಿ ಕಾಯುವ ಮನೆತನ. ನನ್ನದು ಜಮಖಂಡಿಯ ಮರಾಠಿ ಮಾತಾಡುವ ಭಟ್ಟರ ಮನೆ. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ, ಅವರು ನನಗೆ ಬಾಯಾರ, ಅಂದರೆ ಅಮ್ಮಾವರೇ, ಎನ್ನುತ್ತಿದ್ದರು.

ಅವರು ದಂಡ ಹಚ್ಚುವುದನ್ನು ನೋಡಬೇಕು. ಮೂತಿಯ ಕೆಳಗಿನ ಸಣ್ಣ ಗಾಲಿಯ ಮುಂದೆ ತುದಿಗಾಲಲ್ಲಿ ಕೂತು, ಮೊದಲು ಅಂಗೈಯಿಂದ ಗಾಲಿಯ ಧೂಳು ಒರೆಸುವರು. ಆಮೇಲೆ ಕವಲನ್ನು ಅಗಲಿಸಿ, ಎರಡೂ ಬದಿಯ ಗೂಟಕ್ಕೆ ಕೂಡಿಸಿ, ಒಮ್ಮೆ ಜಗ್ಗಿ ನೋಡುವರು. ದಂಡಕ್ಕೆ ಅವರು ಇಟ್ಟ ಹೆಸರು ಈಸು, ನೇಗಿಲಿನ ಉದ್ದ ಮರಕ್ಕೆ ಹೇಳುವ ಹಾಗೆ. ಗಾಲಿಯನ್ನು ಎಷ್ಟರ ಮಟ್ಟಿಗೆ ತಿರುಗಿಸಬಹುದು ಎನ್ನುವುದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಅದನ್ನು ದಾಟಿದರೆ ಒಳಗೆ ಏನೋ ಮುರಿಯುತ್ತದೆ. ಕಲಿಯಲು ಬಂದವರು ಆತುರದಿಂದ ತಿರುವಲು ಹೋದರೆ, "ತಮ್ಮಾ, ಕುರಿ ಕೊರಳ ಇಷ್ಟ ಹೊಳ್ಳತೈತಿ. ಮುಂದ ತಿರುವಿದ್ರ ಅದು ಕುರಿ ಅಲ್ಲ, ಕಂಡ" ಎನ್ನುತ್ತಿದ್ದರು. ಕಂಡ ಎಂದರೆ ಮಾಂಸ ಎಂದು ಪುಣೆಯ ಹುಡುಗರಿಗೆ ನಾನು ತಿಳಿಸಿ ಹೇಳಬೇಕಾಗುತ್ತಿತ್ತು.

ಅಮಾವಾಸ್ಯೆಗೊಮ್ಮೆ ಬೀರಪ್ಪನ ಗುಡಿಯ ಭಂಡಾರದ ಅರಿಶಿನ ತಂದು ಗಾಲಿಗೆ ಒಂದು ಬೊಟ್ಟು ಹಚ್ಚುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ತುಕ್ಕು ಎಂದು ಬರೆದುಕೊಂಡು ಹೋದರು. ಅದಕ್ಕೆ ಎರಡು ಪುಟದ ಉತ್ತರ ಬರೆದವಳು ನಾನು.

ಅವರು ತಾವೇ ಹಾಕಿಕೊಂಡ ಒಂದು ಪದ್ಧತಿ ಇತ್ತು. ದಂಡ ಕಳಚಿದ ಮೇಲೆ ರೆಕ್ಕೆಯ ತುದಿಯಿಂದ ಹತ್ತು ಹೆಜ್ಜೆ ಆಚೆ ಹೋಗಿ, ಪೈಲಟ್ಟಿಗೆ ಕಾಣುವ ಹಾಗೆ ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿಯುವರು. ಒಳಗೆ ಕೂತವರಿಗೆ ಮೂತಿಯ ಕೆಳಗಿನ ಗಾಲಿ ಕಾಣುವುದಿಲ್ಲ. ದಂಡ ಗಾಲಿಯಲ್ಲೇ ಉಳಿದು ಇಂಜಿನ್ ಶುರುವಾದರೆ ಮೂತಿಯಲ್ಲಿ ತಿರುಗುವ ಪಂಖ ಅದಕ್ಕೆ ಬಡಿಯುತ್ತದೆ. "ಕೈಯಾಗ ಕಂಡ್ರ ಗಾಲ್ಯಾಗ ಇಲ್ಲಂತ ಅರ್ಥ ಬಾಯಾರ. ಅಷ್ಟ ಐತ್ರಿ ನನ್ನ ಸಾಲಿ" ಎಂದಿದ್ದರು. ಹಾರುವ ಮುಂಚೆ ಕೆಳಗಿಳಿದು ವಿಮಾನಕ್ಕೆ ಸುತ್ತು ಹಾಕಿ ನೋಡಬೇಕು ಎಂಬುದು ಪುಸ್ತಕದಲ್ಲಿದೆ. ನಮ್ಮಲ್ಲಿ ಬರಬರುತ್ತಾ ಕಾಕಾರ ಕೈಯನ್ನು ನೋಡಿದರೆ ಸಾಕು ಎಂದಾಯಿತು. ಏಳು ವರ್ಷ ಹಾಗೇ ನಡೆಯಿತು.

ಆ ಏಳು ವರ್ಷವೂ ಇದ್ದದ್ದು ಒಂದೇ ದಂಡ. ಕಾಕಾರಿಗೆ ಭಾರವಾಗುತ್ತದೆ ಎಂದು ಹಗುರವಾದ ಹೊಸದೊಂದನ್ನು ತರಿಸಿದವಳು ನಾನು. ಅದು ಬಂದ ಬೆಳಿಗ್ಗೆ ಕಾಕಾ ವಿಮಾನ ಹೊರಗೆ ತಂದು ನಿಲ್ಲಿಸಿ, ಹಳೆಯ ದಂಡ ಕಳಚಿ ಗೋಡೆಗೆ ಆನಿಸಿ, ಚಹಾ ಕುಡಿಯಲು ಹೋಗಿದ್ದರು. ಸರಿಯಾಗಿ ಕೂರುತ್ತದೋ ಇಲ್ಲವೋ ನೋಡೋಣ ಎಂದು ನಾನು ಹೊಸದನ್ನು ಗಾಲಿಗೆ ಹಚ್ಚಿದೆ. ಕೂತಿತು. ಅಷ್ಟರಲ್ಲಿ ಆಫೀಸಿನ ಫೋನು ಬಂತು. ಓಡಿಹೋದೆ.

ಫೋನಿನಲ್ಲಿ ಇದ್ದಾಗಲೇ ಕಲಿಸುವವರೂ ಒಬ್ಬ ವಿದ್ಯಾರ್ಥಿಯೂ ಬಂದು ವಿಮಾನದಲ್ಲಿ ಕೂತರು. ಕಾಕಾ ಬಂದು ಗೋಡೆಗೆ ಆನಿಸಿದ್ದ ದಂಡ ತೆಗೆದುಕೊಂಡು, ಹತ್ತು ಹೆಜ್ಜೆ ಆಚೆ ಹೋಗಿ ಎತ್ತಿ ತೋರಿಸಿದರು. ಆಮೇಲಿನ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಯಾರಿಗೂ ಏನೂ ಆಗಲಿಲ್ಲ. ಪಂಖದ ಒಂದು ತುದಿ ಒಳಕ್ಕೆ ಮಡಚಿತ್ತು, ಹೊಸ ದಂಡದ ಅರ್ಧ ಹುಲ್ಲಿನಲ್ಲಿ ಬಿದ್ದಿತ್ತು. ಕಾಕಾ ಹಳೆಯ ದಂಡವನ್ನು ಇನ್ನೂ ಎತ್ತಿಯೇ ಹಿಡಿದಿದ್ದರು. ನಾನು ಹೋಗಿ ಅವರ ಕೈ ಇಳಿಸಿದೆ. ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಹೇಗಿರುತ್ತದೋ ಹಾಗೆ ಇದ್ದೆ. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಮಧ್ಯಾಹ್ನ ಮ್ಯಾನೇಜರರು ಕಾಕಾರನ್ನು ಕರೆಸಿದರು. ಹೇಳಿಕೆ ಬರೆದುಕೊಳ್ಳಲು ನಾನೇ ಕೂತೆ. ನನ್ನನ್ನು ಕಾಯಂ ಮಾಡುವ ಆದೇಶ ಸಹಿಗಾಗಿ ಅವರ ಮೇಜಿನ ಮೇಲಿದ್ದ ವಾರ ಅದು.

"ಹೊಸಾದನ್ನ ಯಾರ ಹಚ್ಚಿದ್ರು?"

"ತೋರಿಸಿದಾಂವ ನಾ ಅದೀನ್ರಿ" ಎಂದರು ಕಾಕಾ.

"ನಾ ಕೇಳಿದ್ದು ಯಾರ ಹಚ್ಚಿದ್ರು ಅಂತ."

"ಯಾರರೆ ಹಚ್ಚಲಿ ಸಾಹೇಬ್ರ. ಇಲ್ಲಂತ ತೋರಿಸಿದಾಂವ ನಾ. ನನ್ನ ಕೈ ನೋಡಿ ಅವರು ಚಾಲೂ ಮಾಡಿದ್ರು."

ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಕೈ ಬರೆಯುತ್ತಲೇ ಇತ್ತು: "ದಂಡವನ್ನು ಗಾಲಿಯಲ್ಲಿಯೇ ಬಿಟ್ಟು, ತೆಗೆದಿದ್ದೇನೆಂದು ತೋರಿಸಿದ್ದು ನನ್ನ ತಪ್ಪು." ಬಿಟ್ಟು ಎಂಬ ಮಾತು ಅವರದಲ್ಲ, ನನ್ನದು. ಕಾಕಾರಿಗೆ ಓದಲು ಬರುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, "ಛಲೋ ಬರದೀರಿ ಬಾಯಾರ" ಎಂದು ಹೆಬ್ಬೆಟ್ಟು ಒತ್ತಿದರು. ಅವತ್ತೇ ಅವರನ್ನು ಕೆಲಸದಿಂದ ಬಿಡಿಸಿದರು.

ಮುಂದೆ ಒಂದೇ ಸಲ ಭೇಟಿಯಾದರು, ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ. ಕುರಿಗಳಿಗೆ ಔಷಧ ಕೊಂಡು ಹೊರಟಿದ್ದರು. ಸಾವಳಗಿ ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು, ಇಬ್ಬರೂ ಒಂದೇ ಕಲ್ಲುಬೆಂಚಿನ ಮೇಲೆ ಕೂತೆವು. ಹೊಸ ಪಂಖ ಬಂತೇ, ಈಗ ಯಾರು ಎಳೆಯುತ್ತಾರೆ, ಗಾಲಿ ಒರೆಸುತ್ತಾರೋ ಇಲ್ಲವೋ ಎಂದೆಲ್ಲ ಕೇಳಿದರು. "ಊರಾಗ ನನಗ ವಿಮಾನ ಮುರದಾಂವ ಅಂತ ಹೆಸರ ಬಿದ್ದೈತ್ರಿ" ಎಂದೂ ಹೇಳಿದರು. ನಾನು ಬಾಯಿ ತೆರೆದೆ. ತೆರೆದು, "ಕಾಕಾ, ಚಹಾ ತಗೋತೀರೇನು?" ಎಂದೆ. ಚಹಾ ಕುಡಿದೆವು. ಬಸ್ಸು ಬಂತು.

ಕಾಕಾ ಹೋದ ಸುದ್ದಿ ಈ ವರ್ಷ ಮೊಬೈಲಿಗೆ ಬಂತು. ಕುರಿ ಹಟ್ಟಿಯಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ. ಮೂರನೆಯ ದಿನ ರಜೆ ಹಾಕಿ ಸಾವಳಗಿಗೆ ಹೋದೆ. ಒಳಗೆ ಗೋಡೆಗೆ ಒರಗಿ ಕೂತಿದ್ದ ಅವರ ಹೆಂಡತಿಯ ಪಕ್ಕದಲ್ಲಿ ಕೂತು, ಆ ದಂಡ ಹಚ್ಚಿದ್ದು ನಾನು ಎಂದೆ. ಹೇಳಿಕೆಯಲ್ಲಿ ಏನು ಬರೆದೆ ಎಂಬುದನ್ನೂ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ನನಗ್ಯಾಕ ಹೇಳ್ತೀರಿ? ನಾ ಅವರಿಗೆ ಎಂದೂ ವಿಮಾನ ಮುರದಾಂವ ಅಂದಾಕಿ ಅಲ್ಲ. ಅಂದಾವರು ಹೊರಗ ಕುಂತಾರ. ಅವರ ಮುಂದ ಹೇಳ್ರಿ."

ಹೊರಗೆ ಬಂದೆ. ಬೇವಿನ ನೆರಳಿನಲ್ಲಿ ತಾಡಪತ್ರಿ ಹಾಸಿಕೊಂಡು ಮೂವತ್ತು ನಲವತ್ತು ಗಂಡಸರು ಕೂತಿದ್ದರು. ನಿಂತುಕೊಂಡೇ ಹೇಳಿದೆ. ನಾಲ್ಕು ಮಾತಿನಲ್ಲಿ ಮುಗಿಯಿತು. ವಿಮಾನ ಮುರಿದವಳು ನಾನು, ಅವರಲ್ಲ ಎಂದೆ. ಪೇಟ ಸುತ್ತಿದ್ದ ಮುದುಕರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

"ಇದನ್ನ ಅವನ ಮುಂದ ಹೇಳಿದ್ರೇನ್ರಿ?"

"ಇಲ್ರಿ."

ಮುದುಕರು ಎಲೆ ಮಡಚಿ ಬಾಯಿಗೆ ಹಾಕಿಕೊಂಡು, ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಕುಂದರ್ರಿ. ಹಂಗ ಅಂದದ್ದು ತಪ್ಪಾತಂತ ನಮ್ಮಾಗೂ ಯಾರೂ ಅವನ ಮುಂದ ಹೇಳಿಲ್ಲ."