ಹೊಗೆಸೊಪ್ಪಿನ ಮಾತನ್ನು ಕೊನೆಗಿಟ್ಟುಕೊಂಡದ್ದು

ತಂಗಿಗೆ ಹೊಗೆಸೊಪ್ಪು ಅಗಿಯಲು ಕೊಟ್ಟವನು ನಾನು. ಮೊದಲೇ ಬರೆದುಬಿಡುತ್ತೇನೆ.

ಕೊರಟಗೆರೆ ಕಡೆಯ ನಮ್ಮೂರಿನ ಕೂಲಿಮಠದಲ್ಲಿ ನಾನು ಮೂರು ವರ್ಷ ಮರಳಿನ ಮೇಲೆ ಅಕ್ಷರ ತಿದ್ದಿದ್ದಷ್ಟೆ. ಕತೆ ಹೇಳುವುದನ್ನು ಕಲಿಸಿದ್ದು ಅಜ್ಜಿ. "ಕೇಳೋರು ಮುಂದೇನಾಯ್ತು ಅಂತ ಬಾಯಿ ಬುಡೋಗಂಟ ಗಂಟು ಬಿಚ್ಚಬ್ಯಾಡ ಕಣ್ಲಾ" ಎನ್ನುತ್ತಿದ್ದಳು. ಕಣದಲ್ಲಿ ರಾಗಿ ಬಡಿಯುವವರೂ ಕೋಲು ನಿಲ್ಲಿಸಿ ನನ್ನ ಕತೆ ಕೇಳುತ್ತಿದ್ದರು. ನನಗಿದ್ದ ಹೆಮ್ಮೆ ಅದೊಂದೇ.

ತಂಗಿಯನ್ನು ನೋಡಲು ಮಧುಗಿರಿಯಿಂದ ಗಂಡಿನವರು ಬಂದರು. ಹುಡುಗನನ್ನು ಅವಳು ಹೊಳವನಹಳ್ಳಿ ಸಂತೆಯಲ್ಲಿ ಕಂಡು ಮೆಚ್ಚಿದ್ದಳು. ಅವಳು ಒಳಗೆ ಸೀರೆ ಉಡುತ್ತಿದ್ದಾಗ ಹುಡುಗನ ದೊಡ್ಡಪ್ಪ, "ಏನಪ್ಪಾ, ಭಾರಿ ಮಾತುಗಾರನಂತೆ. ಒಂದು ಕತೆ ಬುಡು, ಕೇಳಾನ" ಎಂದರು.

ತಂಗಿಯದೇ ಒಂದು ತಮಾಷೆ ಹೇಳಿ ನಗಿಸೋಣವೆನಿಸಿತು. ಅವಳು ಹೊಲದಲ್ಲಿ ದಿಢೀರನೆ ಬಿದ್ದದ್ದು, ಕಣ್ಣು ಮೇಲಾದದ್ದು, ಬಾಯಲ್ಲಿ ಜೊಲ್ಲು ಸುರಿದದ್ದು, ಅಮ್ಮ ಅವಳ ಕೈಗೆ ಕಬ್ಬಿಣದ ಬೀಗದಕೈ ಇಟ್ಟು ಗೋಳಾಡಿದ್ದು, ಎಲ್ಲವನ್ನೂ ನಿಧಾನವಾಗಿ ಹೇಳಿದೆ.

"ಆಮ್ಯಾಕೆ?" ಎಂದರು ದೊಡ್ಡಪ್ಪ.

ಇನ್ನೊಮ್ಮೆ ಕೇಳಲಿ ಎಂದು ನಾನು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದೆ. ಅವರು ಎದ್ದರು. ಪಾನಕ ಮುಟ್ಟಲಿಲ್ಲ.

ಗಾಡಿಯ ಹಿಂದೆ ಓಡಿದೆ. "ಸ್ವಾಮಿ, ಅದು ಮೂರ್ಛೆ ಅಲ್ಲ, ಹೊಗೆಸೊಪ್ಪು! ಸೀ ಇರ್ತದೆ ಅಗಿ ಅಂತ ನಾನೇ ಕೊಟ್ಟಿದ್ದೆ. ಮಧ್ಯಾಹ್ನಕ್ಕೇ ಎದ್ದು ಮುದ್ದೆ ಉಂಡ್ಲು!"

"ಕುಂತಿದ್ದಾಗ ಹೇಳಿದ್ರೆ ನಂಬ್ತಿದ್ವಿ ಕಣಪ್ಪಾ. ಈಗ ಕಟ್ಟಿದಂಗೆ ಕಾಣ್ತದೆ" ಎಂದು ದೊಡ್ಡಪ್ಪ ಎತ್ತಿನ ಬಾಲ ಮುರಿದರು.

ತಂಗಿ ಹೊಸ ಸೀರೆಯಲ್ಲೇ ಬಾಗಿಲಲ್ಲಿ ನಿಂತಿದ್ದಳು. "ಹೊಗೆಸೊಪ್ಪಿನ ಮಾತು ಮೊದ್ಲೇ ಹೇಳಿದ್ರೆ ಏನಾಗ್ತಿತ್ತಣ್ಣಾ?"

"ಕತೆ ಕೆಡ್ತಿತ್ತು" ಎಂದುಬಿಟ್ಟೆ.

ತಂಗಿಗೆ ಮೂರ್ಛೆರೋಗವೆಂಬ ಸುದ್ದಿ ಶಿರಾದವರೆಗೂ ಹರಡಿತು. ಆಮೇಲೆ ಬಂದವರಿಗೆಲ್ಲ ನಾನು ಹೊಗೆಸೊಪ್ಪಿನಿಂದಲೇ ಶುರುಮಾಡಿದೆ. ಕೇಳುವ ಮೊದಲೇ ಹೇಳುತ್ತಾನಲ್ಲ ಎಂದು ಅವರಿಗೆ ಅನುಮಾನ ಹೆಚ್ಚಾಯಿತು. ಎಲ್ಲಿಂದ ಹೇಳಿದರೆ ನಂಬುತ್ತಾರೋ ನನಗೆ ತಿಳಿಯಲೇ ಇಲ್ಲ.

ಮೂರು ವರ್ಷದ ನಂತರ ಪಾವಗಡದ ಕಡೆಯ ಒಬ್ಬ ವಿಧುರನ ಸಂಬಂಧ ಬಂತು. ಅವನಿಗೆ ಇಬ್ಬರು ಮಕ್ಕಳು. ಅವರ ಕಡೆಯವರು ಬರುವ ದಿನ ತಂಗಿ ಎಮ್ಮೆಯ ಹಗ್ಗ ತಂದು ನನ್ನ ಕೈಗಿಟ್ಟಳು. "ಮೇಯಿಸ್ಕೊಂಡು ಬಾ ಅಣ್ಣಾ. ಅವರು ಹೋದ್ಮೇಲೆ ಬಂದ್ರೆ ಸಾಕು."

ಹೋದೆ. ಸಂಜೆ ಮರಳಿದಾಗ ತಾಂಬೂಲ ಬದಲಾಗಿತ್ತು. ಅವಳು ಒಲೆಯ ಮುಂದೆ ಕೂತಿದ್ದಳು. ನಿನಗೆ ಒಪ್ಪಿಗೆಯೇ ಎಂದು ಕೇಳಬೇಕೆನಿಸಿತು. ಎಮ್ಮೆಗೆ ಹುಲ್ಲು ಹಾಕಲು ಹೊರಗೆ ಹೋದೆ.